ಮೂತ್ರ ಜಾರುವ ತೊಂದರೆ: ಫಿಸಿಯೋಥೆರಪಿ ತಪಾಸಣೆ ನಡೆಸುವುದು ಹೇಗೆ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯಿಂದ ಸೊಂಟನೋವೆಂದು ಬರುವ ಹೆಂಗಸರಲ್ಲಿ ಕೆಲವರು, ತಪಾಸಣೆಯೆಲ್ಲ ಮುಗಿದು ಬಾಗಿಲ ತನಕ ಹೋದ ಮೇಲೆ ತಿರುಗಿ ನಿಂತು, "ಕೆಮ್ಮಿದರೆ ಬಟ್ಟೆ ಒದ್ದೆಯಾಗುತ್ತದೆ, ಅದಕ್ಕೇನಾದರೂ ಮದ್ದು ಉಂಟಾ?" ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಮನೆಯವರಿಗೂ ಹೇಳದೆ ವರ್ಷಗಟ್ಟಲೆ ನುಂಗಿಕೊಂಡ ಮಾತು ಅದು. ಹೆರಿಗೆಯಾದವರಿಗೆ, ವಯಸ್ಸಾದವರಿಗೆ ಇದೆಲ್ಲ ಇದ್ದದ್ದೇ ಎಂದು ಅವರನ್ನು ಕಳುಹಿಸಿಬಿಡುವುದು ತಪ್ಪು. ಹೆಚ್ಚಿನವರಲ್ಲಿ ಇದನ್ನು ಕಡಿಮೆ ಮಾಡಬಹುದು. ಆದರೆ ವ್ಯಾಯಾಮ ಹೇಳಿಕೊಡುವ ಮೊದಲು ಮೂತ್ರ ಯಾವಾಗ, ಏಕೆ, ಎಷ್ಟು ಜಾರುತ್ತದೆ ಎಂಬುದನ್ನು ತಿಳಿಯಲೇಬೇಕು.

ಮೊದಲ ಹೆಜ್ಜೆ ಮಾತುಕತೆ, ಮತ್ತು ತಪಾಸಣೆಯ ಅರ್ಧ ಭಾಗ ಅಲ್ಲಿಯೇ ಮುಗಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಬಾಗಿಲು ಮುಚ್ಚಿದ ಕೋಣೆ ಬೇಕು, ಜೊತೆಗೆ ಬಂದ ಗಂಡನನ್ನೋ ಸೊಸೆಯನ್ನೋ ಸ್ವಲ್ಪ ಹೊತ್ತು ಹೊರಗೆ ಕೂರಿಸಬೇಕು. ಕಾಸರಗೋಡಿನಲ್ಲಿ ಇನ್ನೊಂದು ತೊಡಕಿದೆ: ರೋಗಿಯ ಮನೆಮಾತು ತುಳುವೋ ಹವ್ಯಕವೋ ಮರಾಠಿಯೋ ಆಗಿದ್ದು, ಚಿಕಿತ್ಸಕರು ಮಲಯಾಳ ಮಾತನಾಡುವವರಾಗಿ, ಚೀಟಿ ಇಂಗ್ಲಿಷಿನಲ್ಲಿ ಇರಬಹುದು. "ಮೂತ್ರ ವಿಸರ್ಜನೆಯ ಮೇಲೆ ನಿಯಂತ್ರಣವಿದೆಯೇ?" ಎಂದು ಪುಸ್ತಕದ ಕನ್ನಡದಲ್ಲಿ ಕೇಳಿದರೆ "ಇದೆ" ಎಂಬ ಉತ್ತರ ಬರುತ್ತದೆ. "ಒಂದಕ್ಕೆ ಅವಸರವಾದರೆ ಬಚ್ಚಲಿಗೆ ಮುಟ್ಟುವ ತನಕ ತಡೆಯುತ್ತದೆಯೇ?" ಎಂದು ಕೇಳಿದರೆ ನಿಜ ಹೊರಬರುತ್ತದೆ.

ಆ ಉತ್ತರಗಳಿಂದಲೇ ತೊಂದರೆಯ ಬಗೆ ತಿಳಿಯುತ್ತದೆ. ಕೆಮ್ಮಿದಾಗ, ಸೀನಿದಾಗ, ಹುಲ್ಲಿನ ಹೊರೆಯನ್ನೋ ತುಂಬಿದ ಕೊಡವನ್ನೋ ಎತ್ತಿದಾಗ ಜಾರಿದರೆ ಅದು ಒತ್ತಡದ ಸೋರಿಕೆ. ತಟ್ಟನೆ ತಡೆಯಲಾಗದ ಅವಸರ ಬಂದು, ದಾರಿಯಲ್ಲೇ ಹೋಗಿಬಿಟ್ಟರೆ ಅವಸರದ ಸೋರಿಕೆ. ಎರಡೂ ಸೇರಿರುವುದು ಅಪರೂಪವೇನಲ್ಲ. ಮೂತ್ರಕೋಶ ಪೂರ್ತಿ ಬರಿದಾಗದೆ ಸದಾ ತೊಟ್ಟಿಕ್ಕುತ್ತಿದ್ದರೆ ಅದು ಬೇರೆಯೇ ಬಗೆ, ಅವರನ್ನು ವೈದ್ಯರಿಗೆ ತೋರಿಸಬೇಕು. ಇನ್ನು ಕೆಲವರ ಮೂತ್ರಕೋಶದಲ್ಲಿ ಹೇಳಿಕೊಳ್ಳುವಂಥ ದೋಷವೇ ಇರುವುದಿಲ್ಲ; ಮಂಡಿನೋವಿನ ಅಜ್ಜಿ ಮಳೆಗಾಲದ ರಾತ್ರಿ ಪಾಚಿಗಟ್ಟಿದ ಅಂಗಳ ದಾಟಿ ಹೊರಗಿನ ಬಚ್ಚಲಿಗೆ ಹೋಗುವಷ್ಟರಲ್ಲಿ ತಡವಾಗಿರುತ್ತದೆ. ಆದ್ದರಿಂದ ಬಚ್ಚಲು ಎಷ್ಟು ದೂರ, ದೀಪ ಉಂಟೇ, ಕುಳಿತು ಏಳಲು ಆಗುತ್ತದೆಯೇ ಎಂದೂ ಕೇಳಬೇಕು. ಹೆರಿಗೆಗಳ ವಿವರ, ಶಸ್ತ್ರಚಿಕಿತ್ಸೆ, ಮಲಬದ್ಧತೆ, ಹಳೆಯ ಕೆಮ್ಮು, ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ತೆಗೆದುಕೊಳ್ಳುವ ಮೂತ್ರ ಹೆಚ್ಚಿಸುವ ಮಾತ್ರೆ, ಇವೆಲ್ಲ ಚೀಟಿಯಲ್ಲಿ ಇರಬೇಕು.

ಇಲ್ಲಿಯೇ ಒಂದು ಎಚ್ಚರಿಕೆ ಅಗತ್ಯ. ಮೂತ್ರದಲ್ಲಿ ರಕ್ತ, ಉರಿ ಮತ್ತು ಜ್ವರ, ಕಿಬ್ಬೊಟ್ಟೆಯಲ್ಲಿ ಗಡ್ಡೆ ಕಂಡರೆ ತಪಾಸಣೆ ಮುಂದುವರಿಸದೆ ವೈದ್ಯರ ಬಳಿಗೆ ಕಳುಹಿಸಬೇಕು. ಸೊಂಟನೋವಿನೊಂದಿಗೆ ಕಾಲಿನ ಬಲ ಕುಂದಿ, ತೊಡೆಸಂದು ಹಾಗೂ ಗುದದ ಸುತ್ತ ಮರಗಟ್ಟಿ, ಮೂತ್ರ ಹೊಸದಾಗಿ ಕಟ್ಟಿಕೊಂಡಿದ್ದರೆ ಅಥವಾ ಜಾರತೊಡಗಿದ್ದರೆ ಅದು ಬೆನ್ನುಹುರಿಯ ಕೆಳಗಿನ ನರಗಳ ಗುಚ್ಛ ಒತ್ತಿಹೋದ ಲಕ್ಷಣವಾಗಿರಬಹುದು. ಅಂಥವರು ಅದೇ ದಿನ ಆಸ್ಪತ್ರೆ ಸೇರಬೇಕು.

ಎರಡನೆಯ ಹೆಜ್ಜೆ ಮೂರು ದಿನಗಳ ದಿನಚರಿ. ಯಾವ ಯಂತ್ರವೂ ಹೇಳದ ಸಂಗತಿಗಳನ್ನು ಈ ಒಂದು ಹಾಳೆ ಹೇಳುತ್ತದೆ. ಅಳತೆಯ ಗುರುತುಳ್ಳ ಹಳೆಯ ಮಗ್ ಒಂದಿದ್ದರೆ ಸಾಕು. ಕುಡಿದದ್ದು ಏನು, ಎಷ್ಟು, ಪ್ರತಿ ಸಲ ಹೋದ ಮೂತ್ರ ಎಷ್ಟು ಮಿಲಿಲೀಟರ್, ಅವಸರವಿತ್ತೇ, ಜಾರಿತೇ, ಆಗ ಏನು ಮಾಡುತ್ತಿದ್ದರು ಎಂದು ಗಂಟೆಯೊಂದಿಗೆ ಬರೆಯಬೇಕು. ಓದು ಬಾರದವರಿಗೆ ಲೋಟ, ಮಗ್, ಹನಿಯ ಚಿತ್ರಗಳಿರುವ ಹಾಳೆ ಕೊಟ್ಟು, ಗೀಟು ಎಳೆಯಲು ಹೇಳಬಹುದು. ಸಾಮಾನ್ಯವಾಗಿ ಹಗಲು ಏಳೆಂಟು ಸಲ, ರಾತ್ರಿ ಒಂದು ಸಲ, ಪ್ರತಿ ಸಲ 200ರಿಂದ 400 ಮಿಲಿಲೀಟರ್ ಹೋಗುತ್ತದೆ. ಹದಿನೈದು ಸಲ ಹೋಗಿ ಪ್ರತಿ ಸಲವೂ 100 ಮಿಲಿಲೀಟರ್ ದಾಟದಿದ್ದರೆ ಮೂತ್ರಕೋಶಕ್ಕೆ ಹಿಡಿದಿಡುವ ಅಭ್ಯಾಸ ತಪ್ಪಿದೆ ಎಂದು ಊಹಿಸಬಹುದು. ದಿನದ ಒಟ್ಟು 3 ಲೀಟರಿನ ಹತ್ತಿರ ಬಂದರೆ ಸಕ್ಕರೆಯ ಪರೀಕ್ಷೆ ಆಗಲಿ. ದಿನಕ್ಕೆ ಆರು ಲೋಟ ಕಟ್ಟನ್ ಚಾಯ (ಹಾಲು ಹಾಕದ ಚಹಾ) ಕುಡಿಯುವುದೂ, ಮಂಗಳೂರಿಗೆ ಹೋಗುವ ದಿನ ಬಸ್ಸಿನಲ್ಲಿ ತೊಂದರೆಯಾಗುವುದೆಂದು ಬೆಳಗಿನಿಂದ ಒಂದು ಗುಟುಕು ನೀರನ್ನೂ ಮುಟ್ಟದಿರುವುದೂ ಇದರಲ್ಲಿಯೇ ಬೆಳಕಿಗೆ ಬರುತ್ತವೆ. ಬೀಡಿ ಕಟ್ಟುವ ಹೆಂಗಸರು ಕೆಲಸ ಬಿಟ್ಟು ಏಳದೆ ಗಂಟೆಗಟ್ಟಲೆ ತಡೆಹಿಡಿದು ಕೂರುವುದೂ ಹಾಗೆಯೇ.

ದೇಹದ ಪರೀಕ್ಷೆ ಮೂರನೆಯದು. ಏನು ಮಾಡುತ್ತೇವೆ, ಏಕೆ ಮಾಡುತ್ತೇವೆ ಎಂದು ಮೊದಲೇ ವಿವರಿಸಿ ಒಪ್ಪಿಗೆ ಪಡೆಯಬೇಕು. ಯಾವ ಕ್ಷಣದಲ್ಲಾದರೂ "ಸಾಕು" ಎನ್ನುವ ಹಕ್ಕು ರೋಗಿಗೆ ಇದೆ. ಹೆಂಗಸರಿಗೆ ಮಹಿಳಾ ಚಿಕಿತ್ಸಕಿಯೇ ಇದ್ದರೆ ಒಳ್ಳೆಯದು. ಉಸಿರಾಟ, ಹೊಟ್ಟೆಯ ಸ್ನಾಯು, ಗಾಯದ ಕಲೆ, ಸೊಂಟ, ಕಾಲುಗಳ ಸ್ಪರ್ಶಜ್ಞಾನ ಮತ್ತು ಬಲ ನೋಡಿದ ಮೇಲೆ, ಮಂಡಿ ಮಡಚಿ ಅಂಗಾತ ಮಲಗಿಸಿ, "ಗಾಳಿ ಹೋಗದಂತೆ ಬಿಗಿಹಿಡಿಯುವ ಹಾಗೆ ಒಳಕ್ಕೆ ಎಳೆದುಕೊಳ್ಳಿ" ಎನ್ನಬೇಕು. ಆಗ ಯೋನಿ ಮತ್ತು ಗುದದ ನಡುವಣ ಭಾಗ ಒಳಕ್ಕೂ ಮೇಲಕ್ಕೂ ಸರಿಯಬೇಕು. ಎಷ್ಟೋ ಮಂದಿ ಉಸಿರು ಕಟ್ಟಿ ಕೆಳಕ್ಕೆ ತಳ್ಳುತ್ತಾರೆ. ಅಂಥವರಿಗೆ ವ್ಯಾಯಾಮದ ಚೀಟಿ ಮಾತ್ರ ಕೊಟ್ಟು ಕಳುಹಿಸಿದರೆ ತೊಂದರೆ ಹೆಚ್ಚಬಹುದು.

ತರಬೇತಿ ಪಡೆದವರು, ರೋಗಿ ಒಪ್ಪಿದರೆ, ಕೈಗವಸು ತೊಟ್ಟು ಬೆರಳಿನಿಂದ ಒಳಪರೀಕ್ಷೆ ಮಾಡಿ ಶ್ರೋಣಿತಳದ (ಮೂತ್ರಕೋಶವನ್ನು ಕೆಳಗಿನಿಂದ ಆಧರಿಸುವ ಭಾಗದ) ಸ್ನಾಯುವಿನ ಬಲವನ್ನು 0ಯಿಂದ 5ರ ತನಕದ ಆಕ್ಸ್‌ಫರ್ಡ್ ಮಾಪನದಲ್ಲಿ ಗುರುತಿಸುತ್ತಾರೆ: 0 ಎಂದರೆ ಅಲುಗಾಟವೇ ಇಲ್ಲ, 1 ಎಂದರೆ ಮಿಡಿತ ಮಾತ್ರ, 3ಕ್ಕೆ ಎತ್ತುವಿಕೆ ತಿಳಿಯುತ್ತದೆ, 5 ಬಲವಾದ ಹಿಡಿತ. ಎಷ್ಟು ಸೆಕೆಂಡು ಹಿಡಿದಿಡಬಲ್ಲರು, ದಣಿಯದೆ ಎಷ್ಟು ಸಲ, ಬಳಿಕ ಎಷ್ಟು ಚುರುಕಿನ ಬಿಗಿತ ಎಂಬುದನ್ನೂ ಎಣಿಸುತ್ತಾರೆ. ಬಲ 3, ಹಿಡಿತ 4 ಸೆಕೆಂಡು, ಐದು ಸಲ ಎಂದು ಬಂದರೆ ಮನೆಯ ವ್ಯಾಯಾಮವೂ 4 ಸೆಕೆಂಡು, ಐದು ಸಲದಿಂದಲೇ ಶುರುವಾಗುತ್ತದೆ. ಒಳಪರೀಕ್ಷೆ ಬೇಡವೆಂದವರಿಗೆ ಹೊರಗಿನಿಂದ ನೋಡುವುದು ಅಥವಾ ಹೊಟ್ಟೆಯ ಮೇಲಿಂದ ಅಲ್ಟ್ರಾಸೌಂಡ್ ಸಾಕಾಗುತ್ತದೆ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾದ ಗಂಡಸರನ್ನೂ ಹೀಗೆಯೇ ಪರೀಕ್ಷಿಸಬೇಕು. ಅವರಲ್ಲಿ ಬಿಗಿತದೊಂದಿಗೆ ವೃಷಣ ಮೇಲಕ್ಕೆ ಸರಿಯುತ್ತದೆ, ಶಿಶ್ನದ ಬುಡ ಒಳಕ್ಕೆ ಎಳೆದುಕೊಳ್ಳುತ್ತದೆ.

ಕೆಮ್ಮಿನ ಪರೀಕ್ಷೆಗೆ ಮೂತ್ರಕೋಶ ತುಂಬಿರಬೇಕು. ನಿಂತುಕೊಂಡು ಬಲವಾಗಿ ಮೂರು ಸಲ ಕೆಮ್ಮಿದಾಗ ಆ ಕ್ಷಣವೇ ಹನಿ ಬಿದ್ದರೆ ಒತ್ತಡದ ಸೋರಿಕೆ. ಕೆಲವು ಸೆಕೆಂಡು ತಡೆದು ಹರಿದರೆ ಕೆಮ್ಮು ಮೂತ್ರಕೋಶವನ್ನು ಕೆರಳಿಸಿದೆ ಎಂದರ್ಥ. ಎಷ್ಟು ಜಾರುತ್ತದೆಂದು ಅಳೆಯಲು ಪ್ಯಾಡ್ ತೂಗುವ ಕ್ರಮವಿದೆ: ತೂಗಿದ ಪ್ಯಾಡ್ ಹಾಕಿಕೊಂಡು, 500 ಮಿಲಿಲೀಟರ್ ನೀರು ಕುಡಿದು, ನಡೆದು, ಮೆಟ್ಟಿಲು ಹತ್ತಿ, ಕೆಮ್ಮಿ, ಒಂದು ಗಂಟೆಯ ಬಳಿಕ ಮತ್ತೆ ತೂಗಿದಾಗ 1 ಗ್ರಾಮಿಗಿಂತ ಹೆಚ್ಚಿದ್ದರೆ ಸೋರಿಕೆ ಖಚಿತ.

ಕೊನೆಗೆ, ಈ ಸೋರಿಕೆಯಿಂದ ಏನನ್ನು ಬಿಟ್ಟಿದ್ದೀರಿ ಎಂದು ಕೇಳಿ ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು: ಮದುವೆಮನೆಗೆ ಹೋಗುವುದನ್ನೋ, ಮಧೂರಿನ ದೇವಸ್ಥಾನಕ್ಕೆ ಹೋಗುವುದನ್ನೋ, ಮಸೀದಿಯ ನಮಾಜನ್ನೋ. ಹನ್ನೆರಡು ವಾರಗಳ ವ್ಯಾಯಾಮದ ಬಳಿಕ ಅದೇ ದಿನಚರಿ, ಅದೇ ಕೆಮ್ಮಿನ ಪರೀಕ್ಷೆ, ಅದೇ ಪ್ಯಾಡಿನ ತೂಕವನ್ನು ಮತ್ತೆ ಮಾಡಿ, ಆ ಮಾತನ್ನೂ ಓದಿ ಹೇಳಿ, ಈಗ ಹೋಗುತ್ತಿದ್ದೀರಾ ಎಂದು ಕೇಳಬೇಕು.