ಅವರೆಕಾಳಿನ ಮುಂದೆ ಟಿ.ವಿ. ಸೋತಿದ್ದು: ನನ್ನ ಡೇಕೇರ್ ಅನುಭವ

ಹನುಮಂತನಗರದಲ್ಲಿ ನಮ್ಮ ಮನೆಯ ಕೆಳಗಡೆಯೇ ಡೇಕೇರ್ ಶುರುಮಾಡಿ ಒಂಬತ್ತು ವರ್ಷ ಆಯ್ತು. ಕಳೆದ ಜೂನ್‌ನಲ್ಲಿ ಗೋಡೆಯಿಂದ ಟಿ.ವಿ. ಇಳಿಸಿದಾಗ, ಪಕ್ಕದ ರಸ್ತೆಯಲ್ಲಿ ಇದೇ ಕೆಲಸ ಮಾಡೋ ಗೆಳತಿ "ತಿಂಗಳೊಳಗೆ ನೀನೇ ವಾಪಸ್ ಹಾಕ್ತೀಯ, ಬರೆದಿಟ್ಕೋ" ಅಂದಿದ್ದಳು. ಆ ಮೊಳೆಗಳಲ್ಲಿ ಈಗ ಮಕ್ಕಳ ಟವೆಲ್ ನೇತಾಡ್ತಿವೆ. ಹೇಗೆ ಮಾಡಿದೆ ಅಂತ ಅವಳೇ ಕೇಳ್ತಿರೋದ್ರಿಂದ ಬರೀತಿದ್ದೀನಿ.

ಮಧ್ಯಾಹ್ನ ಹನ್ನೆರಡೂವರೆ ಅಂದ್ರೆ ಏನು ಅಂತ ನಿಮಗೆ ಹೇಳಬೇಕಿಲ್ಲ. ಹದಿನಾಲ್ಕು ಮಕ್ಕಳು, ಹದಿನಾಲ್ಕು ಡಬ್ಬಿ, ನಾವಿಬ್ಬರೇ ಹೆಂಗಸರು. ಕಾರ್ಟೂನ್ ಹಾಕಿದ್ರೆ ಬಾಯಿ ತಾನಾಗೇ ತೆರೆಯುತ್ತೆ, ತುತ್ತು ತುರುಕಿದ್ರಾಯ್ತು. ಎರಡು ವರ್ಷದೊಳಗಿನವರಿಗೆ ಪರದೆ ಬೇಡವೇ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ಮಕ್ಕಳ ವೈದ್ಯರು ಹೇಳೋದು ನನಗೂ ಗೊತ್ತಿತ್ತು. ನಮ್ಮಲ್ಲಿ ಊಟದ ಹೊತ್ತಿಗೇ ಆ ಗಂಟೆ ಮುಗೀತಿತ್ತು. ಮನೆಗೆ ಹೋದ್ಮೇಲೆ ಅಪ್ಪನ ಫೋನ್ ಬೇರೆ.

ಮೊದಲು ಜಾಣತನ ಮಾಡೋಕೆ ಹೋದೆ. ಕಾರ್ಟೂನ್ ತೆಗೆದು ಕಲಿಕೆಯ ವಿಡಿಯೊ ಹಾಕಿದೆ, ವರ್ಷಕ್ಕೆ ಸುಮಾರು 3 ಸಾವಿರ ಚಂದಾ ಕಟ್ಟಿ. ಎರಡೂವರೆ ವರ್ಷದ ಒಬ್ಬ ಇಂಗ್ಲಿಷ್‌ನಲ್ಲಿ ಇಪ್ಪತ್ತರವರೆಗೆ ಗಡಗಡ ಹೇಳ್ತಿದ್ದ. ಬಾಯಾರಿದ್ರೆ ಮಾತ್ರ ನನ್ನ ಕೈ ಹಿಡಿದು ಫಿಲ್ಟರ್ ಕಡೆ ಎಳೀತಿದ್ದ, 'ನೀರು' ಅಂತ ಬಾಯಲ್ಲಿ ಬರ್ತಿರಲಿಲ್ಲ. ಪರದೆ ಎಷ್ಟು ಮಾತಾಡಿದ್ರೂ ಮಗು ಏನಂದಿತು ಅಂತ ತಿರುಗಿ ಕೇಳಲ್ಲವಲ್ಲ. ಇಂಥ ಮಕ್ಕಳನ್ನ ಫೋನಿನ ಮೇಲೆ ತಪ್ಪು ಹಾಕಿ ಸುಮ್ಮನೆ ಕೂರಿಸಬೇಡಿ, ವೈದ್ಯರಿಗೆ ತೋರಿಸಿ, ಕಿವಿಯನ್ನೂ ಪರೀಕ್ಷೆ ಮಾಡಿಸಿ. ಇವನ ಕಿವಿ ಸರಿಯಿತ್ತು. ಟಿ.ವಿ.ಗೆ ಅಂಟಿಕೊಂಡೇ ಕೂರ್ತಿದ್ದ ಇನ್ನೊಂದು ಮಗುವಿಗೆ ನೆಗಡಿಯಿಂದ ಕಿವಿಯೊಳಗೆ ನೀರು ನಿಂತಿತ್ತು.

ಜೂನ್‌ನ ಒಂದು ಸೋಮವಾರ ಟಿ.ವಿ. ಪೂರ್ತಿ ಬಂದ್ ಮಾಡಿದೆ. ದೊಡ್ಡ ತಪ್ಪು. ಡಬ್ಬಿಗಳು ತುಂಬಿದ್ದು ತುಂಬಿದ ಹಾಗೇ ಮನೆಗೆ ಹೋದವು. "ಮೇಡಂ, ಪಾಪು ಮೂರು ದಿನದಿಂದ ಊಟಾನೇ ಮಾಡಿಲ್ವಂತೆ" ಅಂತ ರಾತ್ರಿ ಹತ್ತಕ್ಕೆ ಫೋನ್. ಇಬ್ಬರು ಬಿಟ್ಟೇ ಹೋದರು, ತಿಂಗಳಿಗೆ 13 ಸಾವಿರ ಖೋತಾ. ಸಹಾಯಕಿಯ ಸಂಬಳಕ್ಕೆ ಚೀಟಿ ದುಡ್ಡು ಮುಟ್ಟಬೇಕಾಯ್ತು. ಆ ಸಂಕಟದಲ್ಲೇ 4-5 ಸಾವಿರ ಸುರಿದು ಚನ್ನಪಟ್ಟಣದ ಗೊಂಬೆ ತಂದೆ. ಬಣ್ಣ ಚೆನ್ನಾಗಿದೆ, ಮರ ಚೆನ್ನಾಗಿದೆ, ಆದ್ರೆ ದೊಡ್ಡವರು ಜೊತೆಗೆ ಕೂರದಿದ್ರೆ ವಾರಕ್ಕೆ ಮೂಲೆ ಸೇರುತ್ತವೆ. ಸ್ಟೀಲ್ ಡಬ್ಬಿ ಮುಚ್ಚಳಗಳೇ ಹೆಚ್ಚು ದಿನ ಬಾಳಿದವು.

ದಾರಿ ಸಿಕ್ಕಿದ್ದು ಡಿಸೆಂಬರ್‌ನಲ್ಲಿ, ಅವರೆಕಾಯಿ ಕಾಲಕ್ಕೆ. ಸಾರಿಗೆ ಅಂತ ನೆನೆಹಾಕಿದ್ದ ಕಾಳು ಹಿದುಕ್ತಾ ಕೂತಿದ್ದೆ, ಸುತ್ತ ನಾಲ್ಕು ಮಕ್ಕಳು ಬಂದು ಕೂತರು. ಒತ್ತಿದ್ರೆ ಪುಳಕ್ ಅಂತ ಬೇಳೆ ಹಾರುತ್ತೆ, ಮತ್ತೆ ಮತ್ತೆ ಬೇಕು ಅವರಿಗೆ. ಅರ್ಧ ಗಂಟೆ ಯಾರೂ ಅಳಲಿಲ್ಲ. ಹಿದುಕಿದ್ದನ್ನೇ ಬೇಯಿಸಿ ಬಡಿಸಿದೆ, 'ನಂದು, ನಂದು' ಅಂತ ತಿಂದರು. ನಾಲ್ಕನೇ ದಿನ ಒಬ್ಬ ಒಂದು ಕಾಳನ್ನ ಮೂಗಿಗೆ ಏರಿಸಿಕೊಂಡ. ವೈದ್ಯರಿಗೆ 800 ರೂಪಾಯಿ, ಅವನಮ್ಮನಿಂದ ಬೈಗುಳ ಬಿಟ್ಟಿ. ಆಮೇಲಿಂದ ಕಾಳಿನ ಕೆಲಸ ಮೂರು ದಾಟಿದವರಿಗಷ್ಟೇ, ಅದೂ ಎಣಿಸಿ ಹತ್ತು ಕಾಳು, ಎಣಿಸಿ ವಾಪಸ್. ಚಿಕ್ಕವರಿಗೆ ಮೆಂತ್ಯ ಸೊಪ್ಪು ಬಿಡಿಸೋದು, ಚಪಾತಿ ಹಿಟ್ಟು ಒತ್ತೋದು.

ಊಟವನ್ನ ಅರ್ಧ ಗಂಟೆ ಮುಂಚೆ ತಂದೆ, ನಿದ್ದೆ ಹತ್ತೋ ಮೊದಲು. ಒಂದೇ ಉದ್ದನೆ ಚಾಪೆ, ಅವರವರ ಕೈಯಲ್ಲೇ ಊಟ. ಮುಂಚೆ ಎರಡೂವರೆಗೆ ನಿಂತುಕೊಂಡೇ ತಿಂತಿದ್ದ ನಾನೂ ತಟ್ಟೆ ಹಿಡಿದು ಅವರ ಜೊತೆ ಕೂತೆ. ನನ್ನ ಪ್ರಕಾರ ಕೆಲಸ ಮಾಡಿದ್ದು ಇದೇ. ನಾನು ಸೊರ್ ಅಂತ ಸಾರು ಹೀರಿದ್ರೆ ಹನ್ನೆರಡು ಬಾಯಿ ಸೊರ್ ಅನ್ನುತ್ತವೆ. ಮೊದಲ ಇಪ್ಪತ್ತು ದಿನ ಅರ್ಧ ಅನ್ನ ನೆಲಕ್ಕೇ. ಸಹಾಯಕಿ "ಅಕ್ಕಾ, ಟಿ.ವಿ.ನೇ ವಾಸಿ" ಅಂತ ದಿನಾ ಗೊಣಗಿದ್ದಾಳೆ. ಬಾಯಿ ಬಿಗಿ ಹಿಡಿಯೋ ಮಕ್ಕಳಿಗೆ ನನ್ನದೊಂದು ಉಪಾಯ ಇದೆ, ಅದನ್ನ ಇಲ್ಲಿ ಬರೆಯಲ್ಲ, ಹೊಟ್ಟೆಪಾಡಿನ ಪ್ರಶ್ನೆ.

ಮಧ್ಯೆ ಒಂದು ಹುಚ್ಚು ಲೆಕ್ಕ ಇಟ್ಟೆ. ನಾನು ಫೋನ್ ತೆಗೆದಾಗೆಲ್ಲ ಲೋಟಕ್ಕೊಂದು ಹುಣಸೆ ಬೀಜ. ಸಂಜೆ ಎಣಿಸಿದ್ರೆ ನಲವತ್ತು ದಾಟಿತ್ತು, ಹೆಚ್ಚಿನವು ಅಪ್ಪ-ಅಮ್ಮಂದಿರಿಗೆ ಫೋಟೊ ಕಳಿಸೋಕೆ! ಫೋನ್ ಈಗ ಅಟ್ಟದ ಮೇಲೆ, ಕರೆಗೆ ಹಳೆ ಲ್ಯಾಂಡ್‌ಲೈನ್. ನಾಲ್ಕು ಗಂಟೆಗೆ ಒಂದೇ ಒಂದು ಫೋಟೊ. ಗೊಣಗಿದವರು ಈಗ ಸುಮ್ಮನಾಗಿದ್ದಾರೆ.

ಇಪ್ಪತ್ತರವರೆಗೆ ಎಣಿಸ್ತಿದ್ದವನು ಫೆಬ್ರವರಿ ಹೊತ್ತಿಗೆ 'ನೀರು', 'ಸಾಕು', 'ಇನ್ನೂ' ಅನ್ನೋಕೆ ಶುರುಮಾಡಿದ. ವಯಸ್ಸಿಗೆ ಬಂದಿದ್ದೋ ಚಾಪೆಯಿಂದ ಬಂದಿದ್ದೋ, ಜಗಳಕ್ಕೆ ನಾನು ಬರಲ್ಲ. ಬಿಟ್ಟುಹೋದ ಇಬ್ಬರಲ್ಲಿ ಒಬ್ಬರು ವಾಪಸ್ ಬಂದ್ರು, 500 ರೂಪಾಯಿ ಹೆಚ್ಚು ಕೊಟ್ಟು. ಹಳೆ ಟಿ.ವಿ. 4 ಸಾವಿರಕ್ಕೆ ಹೋಯ್ತು.

ಗೆಳತಿಗೆ ಆ ಉಪಾಯ ಬೇಕಂತೆ. ಒಂದು ವಾರ ಬಂದು ಚಾಪೆ ಮೇಲೆ ಕೂತು ನೋಡಲಿ, ಊಟ ನಾನೇ ಹಾಕ್ತೀನಿ.