ಏಪ್ರಿಲ್ ಮಧ್ಯಾಹ್ನ ಕಪ್ಪಾದ ಗಾಜು

ಬೆಳಕಿನ ತರಂಗಾಂತರಕ್ಕಿಂತ ಕಿರಿದಾದ ಕಂಬಗಳನ್ನು ಗಾಜಿನ ಮೇಲೆ ಒತ್ತೊತ್ತಾಗಿ ನಿಲ್ಲಿಸಿ, ಮಸೂರದ ಕೆಲಸವನ್ನು ಚಪ್ಪಟೆ ಮೇಲ್ಮೈಯಿಂದಲೇ ಮಾಡಿಸುವುದು ಮೆಟಾಸರ್ಫೇಸ್‌ನ ತಂತ್ರ. ಕಂಬಗಳನ್ನು ಒಮ್ಮೆ ಕೊರೆದ ಮೇಲೆ ಅವುಗಳ ಆಕಾರ ಬದಲಾಗದು. ಆದ್ದರಿಂದ ಸುತ್ತಲೂ ದ್ರವಸ್ಫಟಿಕವನ್ನು, ಅಂದರೆ ದ್ರವದಂತೆ ಹರಿದರೂ ಅಣುಗಳು ಸಾಲಾಗಿರುವ ವಸ್ತುವನ್ನು ತುಂಬಿ, ಆ ಅಣುಗಳನ್ನು ವಿದ್ಯುತ್ತಿನಿಂದ ಹೊರಳಿಸಿ ಬೆಳಕಿನ ನಡೆಯನ್ನು ಬದಲಿಸುವುದು ಒಂದು ಉಪಾಯ. ಕಂಬ ಕೊರೆಯುವ ಎಲೆಕ್ಟ್ರಾನ್ ಕಿರಣದ ಯಂತ್ರ ದಾವಣಗೆರೆಯ ನಮ್ಮ ಪದವಿ ಕಾಲೇಜಿನಲ್ಲಿಲ್ಲ. ಅಣುಗಳನ್ನು ಹೊರಳಿಸುವ ಭಾಗವನ್ನಾದರೂ ವಿದ್ಯಾರ್ಥಿಗಳೊಡನೆ ಕೈಯಾರೆ ಮಾಡಿ ನೋಡಬೇಕೆಂದು ಹೊರಟೆ.

ಒಂದು ಮಗ್ಗುಲಿಗೆ ವಿದ್ಯುತ್ ಹರಿಯುವ ಪಾರದರ್ಶಕ ಲೇಪವಿರುವ ಐಟಿಒ ಗಾಜಿನ ಎರಡು ತುಂಡುಗಳಲ್ಲಿ ಆ ಮಗ್ಗುಲನ್ನು ಮಲ್ಟಿಮೀಟರ್‌ನಿಂದ ಗುರುತಿಸಿ, ಅದಕ್ಕೆ ಪಾಲಿವಿನೈಲ್ ಆಲ್ಕೋಹಾಲ್‌ನ ತೆಳು ದ್ರಾವಣವನ್ನು ಸವರಿ ಒಣಗಿಸಿದೆವು. ಒಣಗಿದ ಪದರವನ್ನು ಚೌಕಿಪೇಟೆಯಿಂದ ತಂದ ಮಖಮಲ್ ಬಟ್ಟೆಯಿಂದ ಉಜ್ಜಿದರೆ, ಮುಂದೆ ತುಂಬುವ ದ್ರವಸ್ಫಟಿಕದ ಸುಮಾರು 2 ನ್ಯಾನೊಮೀಟರ್ ಉದ್ದದ ಅಣುಗಳು ಉಜ್ಜಿದ ದಿಕ್ಕಿಗೇ ಸಾಲಾಗಿ ಮಲಗುತ್ತವೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಬೆರಗು ತಂದದ್ದು ಇದೇ. ಮೊದಲ ಎರಡು ಗಾಜುಗಳನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿದ್ದರಿಂದ ವೋಲ್ಟೇಜ್ ಕೊಟ್ಟಾಗ ಮಚ್ಚೆಗಳು ಮೂಡಿದವು. ಒಂದೇ ದಿಕ್ಕಿನಲ್ಲಿ ಉಜ್ಜಿ, ಎರಡು ಗಾಜುಗಳನ್ನು ಎದುರುಬದುರು ದಿಕ್ಕಿಗೆ ಜೋಡಿಸಿದ ಮೇಲೆ ಅವು ಹೋದವು. ನಡುವೆ 10 ಮೈಕ್ರಾನ್ ದಪ್ಪದ ಮೈಲಾರ್ ಪ್ಲಾಸ್ಟಿಕ್ ಪಟ್ಟಿಯಿಟ್ಟು, ಗಾಜನ್ನು ಬಿಸಿ ಮಾಡಿ, 5ಸಿಬಿ ಎಂಬ ದ್ರವಸ್ಫಟಿಕದ ಹನಿಯನ್ನು ಅಂಚಿಗೆ ತಾಗಿಸಿದಾಗ ಅದು ತಾನಾಗಿ ಒಳಗೆ ಹರಿಯಿತು.

ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಪೋಲರಾಯ್ಡ್ ಹಾಳೆಗಳನ್ನು ಒಂದಕ್ಕೊಂದು ಅಡ್ಡಲಾಗಿಟ್ಟು, ನಡುವೆ ಗಾಜನ್ನು ಅದರ ಉಜ್ಜಿದ ದಿಕ್ಕು 45 ಡಿಗ್ರಿ ಓರೆಯಾಗುವಂತೆ ನಿಲ್ಲಿಸಿ, 1 ಕಿಲೋಹರ್ಟ್ಸ್‌ನ ಎಸಿ ಕೊಟ್ಟೆವು. ಡಿಸಿ ಕೊಟ್ಟರೆ ಅಯಾನುಗಳು ಒಂದೆಡೆ ಸೇರಿ ದ್ರವ ಕೆಡುತ್ತದೆ. 1 ವೋಲ್ಟ್ ದಾಟುತ್ತಲೇ ನಸುಗೆಂಪು, ಹಸಿರು, ನೀಲಿ, ಹಳದಿ ಬಣ್ಣಗಳು ಒಂದರ ಹಿಂದೊಂದು ಹಾದುಹೋದವು.

ಏಪ್ರಿಲ್‌ನ ಒಂದು ಮಧ್ಯಾಹ್ನ ಗಾಜು ಪೂರ್ತಿ ಕಪ್ಪಾಯಿತು. ಎಷ್ಟು ವೋಲ್ಟ್ ಕೊಟ್ಟರೂ ಬಣ್ಣ ಮೂಡಲಿಲ್ಲ. ತಂತಿಯ ಬೆಸುಗೆಗಳನ್ನೆಲ್ಲ ಬಿಚ್ಚಿ ನೋಡಿದೆವು. ಮರುದಿನ ಬೆಳಿಗ್ಗೆ ಅದೇ ಗಾಜು ಸರಿಯಾಗಿತ್ತು. 5ಸಿಬಿಯನ್ನು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಗ್ರೇ ಅವರ ತಂಡ 1973ರಲ್ಲಿ ಪ್ರಕಟಿಸಿತು. ಕೋಣೆಯ ಉಷ್ಣತೆಯಲ್ಲೇ ಕೆಲಸ ಮಾಡುವುದು ಅದರ ಹೆಗ್ಗಳಿಕೆ. ಆದರೆ 35 ಡಿಗ್ರಿ ಮೀರಿದರೆ ಅಣುಗಳ ಸಾಲು ಕದಡಿ ಅದು ಸಾಮಾನ್ಯ ದ್ರವವಾಗುತ್ತದೆ, ಬೆಳಕು ಅಡ್ಡ ಹಾಳೆಗಳನ್ನು ದಾಟದೆ ಗಾಜು ಕಪ್ಪಾಗುತ್ತದೆ, ಮತ್ತು ನಮ್ಮ ಪ್ರಯೋಗಾಲಯದ ಬೇಸಿಗೆ ಆ ಗೆರೆಯನ್ನು ದಾಟುತ್ತದೆ. ತುಂಬುವಾಗ ಗಾಜನ್ನು ಬಿಸಿ ಮಾಡಿದ್ದೂ ಹೀಗೆ ಸಾಮಾನ್ಯ ದ್ರವವಾಗಿ ಒಳಗೆ ಹರಿಯಲೆಂದೇ.

ಈಗ 60 ಡಿಗ್ರಿಯ ಸಮೀಪದವರೆಗೂ ಸಾಲು ಕೆಡದ ಇ7 ಎಂಬ ದ್ರವಸ್ಫಟಿಕ ಮಿಶ್ರಣವನ್ನು ತುಂಬಿದ್ದೇವೆ. ಮೇ ತಿಂಗಳ ಮೂರು ಗಂಟೆಯ ಬಿಸಿಲಿನಲ್ಲಿ, ಫ್ಯಾನ್ ನಿಲ್ಲಿಸಿ, ವೋಲ್ಟೇಜಿಗೂ ಬಣ್ಣಕ್ಕೂ ಪಟ್ಟಿ ಬರೆಯುತ್ತಿದ್ದೇವೆ.