ಸೇತುವೆ ಇಲ್ಲದ ಕುದ್ರುವಿನಲ್ಲಿ ಒಣಮೀನು ಘಟಕ: ಸಬ್ಸಿಡಿ ಬಂದ ದಾರಿ, ದುಡ್ಡು ಹೋದ ದಾರಿ

ಕುದ್ರು ಅಂದರೆ ನದಿ ನಡುವಿನ ದ್ವೀಪ. ಕುಂದಾಪುರದ ಪಂಚಗಂಗಾವಳಿಯ ಇಂಥ ಒಂದು ಕುದ್ರುವಿಗೆ, ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆಯಾದ ಪಿಎಂಎಫ್‌ಎಂಇ ಸಾಲ ಆಗುವುದಿಲ್ಲ ಅಂತ ಹೇಳಿದವರು ಒಬ್ಬಿಬ್ಬರಲ್ಲ. ರಸ್ತೆ ಇಲ್ಲ, ತ್ರೀ ಫೇಸ್ ಕರೆಂಟ್ ಇಲ್ಲ, ಬ್ಯಾಂಕಿನವರು ದೋಣಿ ಹತ್ತಿ ಬರುವುದಿಲ್ಲ ಅಂದರು. ಮೊದಲ ಎರಡು ನಿಜ, ಮೂರನೆಯದೂ ಹೆಚ್ಚುಕಮ್ಮಿ ನಿಜ. ಆದರೂ ನಮ್ಮ ಏಳು ಜನರ ಘಟಕ ಎದ್ದು ನಡೆಯುತ್ತಿದೆ, ಎರಡು ಮಳೆಗಾಲ ಕಳೆದಿದೆ. ಇನ್ನೊಂದು ಕುದ್ರುವಿನವರಿಗೆ ಉಪಯೋಗ ಆಗಲಿ ಅಂತ ಲೆಕ್ಕ ಸಮೇತ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನವು, ಸಾವಿರ ಎರಡು ಸಾವಿರ ಆಚೀಚೆ ಇರಬಹುದು.

ನಾವು ಅರ್ಜಿ ಹಾಕಿದಾಗ ಯೋಜನೆಯ ಸಬ್ಸಿಡಿ ಲೆಕ್ಕ ಇಷ್ಟಿತ್ತು. ಕೇಂದ್ರದ 35 ಪರ್ಸೆಂಟ್, ಅದರ ಮೇಲೆ ನಮ್ಮ ರಾಜ್ಯದ 15, ಒಟ್ಟು 50. ಮಿತಿ 15 ಲಕ್ಷ. ಕೈಯಿಂದ ಹಾಕಬೇಕಾದ್ದು 10 ಪರ್ಸೆಂಟ್. ಉಡುಪಿಗೆ ‘ಒಂದು ಜಿಲ್ಲೆ ಒಂದು ಉತ್ಪನ್ನ’ದಲ್ಲಿ ಇರುವುದೇ ಸಮುದ್ರ ಉತ್ಪನ್ನ, ಹಾಗಾಗಿ ಒಣಮೀನು ಅಂದರೆ ಯಾರೂ ಪ್ರಶ್ನೆ ಮಾಡಲಿಲ್ಲ. ಪ್ರಶ್ನೆ ಎಲ್ಲ ಜಾಗದ್ದು.

ಮೊದಲ ಅರ್ಜಿ ಬಿದ್ದುಹೋಯಿತು, ಬುದ್ಧಿವಂತಿಕೆ ಹೆಚ್ಚಾಗಿ. ಹಸಿ ಕೆಲಸ ಕುದ್ರುವಿನಲ್ಲಿ, ಪುಡಿ ಮಾಡುವುದು ಮತ್ತು ಪ್ಯಾಕಿಂಗ್ ಆಚೆ ದಡದ ಬಾಡಿಗೆ ಕೋಣೆಯಲ್ಲಿ ಅಂತ ಬರೆದಿದ್ದೆವು. ಎರಡು ವಿಳಾಸ ಅಂದರೆ ಆಹಾರ ಸುರಕ್ಷತೆಯ ಎರಡು ಎಫ್‌ಎಸ್‌ಎಸ್‌ಎಐ ನೋಂದಣಿ, ಎರಡು ಪಂಚಾಯ್ತಿ ಪರವಾನಗಿ, ಎರಡು ನೀರಿನ ವರದಿ. ಯಂತ್ರ ಯಾವ ವಿಳಾಸದಲ್ಲಿ ಇರುತ್ತದೆ ಅಂತ ಬ್ಯಾಂಕ್ ಕೇಳಿದ್ದಕ್ಕೆ ‘ಎರಡೂ ಕಡೆ’ ಅಂದೆವು, ಕಡತ ಅಲ್ಲೇ ನಿಂತಿತು. ಎರಡನೇ ಸಲ ಎಲ್ಲವನ್ನೂ ಒಂದೇ ಚಾವಣಿ ಕೆಳಗೆ, ಕುದ್ರುವಿನಲ್ಲೇ, ಸಿಂಗಲ್ ಫೇಸಿನಲ್ಲಿ ನಡೆಯುವ ಹಾಗೆ ಮತ್ತೆ ಕಟ್ಟಿದೆವು. ದಡಕ್ಕೆ ಹೋಗುವುದು ಸೀಲ್ ಆದ ಪೊಟ್ಟಣ ಮಾತ್ರ.

ಎರಡನೇ ಪಾಠ, ಮೊತ್ತವನ್ನು ಅಡಮಾನ ಬೇಡದ ಮಿತಿಯೊಳಗೇ ಇಡಿ. ನಾವು ಸಾಲ ತೆಗೆದಾಗ, ಸಣ್ಣ ಉದ್ಯಮಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ತೆಗೆದುಕೊಳ್ಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇತ್ತು. ಕುದ್ರುವಿನ ಜಾಗದ ದಾಖಲೆ ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ. ಮೂಲಗೇಣಿ (ಕಾಯಂ ಗೇಣಿ), ಕೂಡುಕುಟುಂಬ, ಪಹಣಿಯಲ್ಲಿ ಅಜ್ಜನ ಹೆಸರು. ಅಡಮಾನದ ಮಾತು ಎದ್ದರೆ ಅಲ್ಲಿಗೆ ಮುಗಿಯಿತು. ನಮ್ಮದು ಒಟ್ಟು 9.30 ಲಕ್ಷಕ್ಕೆ ನಿಂತಿತು. ಡ್ರೈಯರ್ 4.10, ನೆಲ-ಟೈಲ್ಸ್-ಜಾಲರಿ-ಚರಂಡಿ 2.40, ಮೇಜು ಮತ್ತು ಕ್ರೇಟು 80 ಸಾವಿರ, ನೀರಿನ ಟ್ಯಾಂಕ್ ಮತ್ತು ಫಿಲ್ಟರ್ 60, ಸೀಲಿಂಗ್ ಯಂತ್ರ ಹಾಗೂ ತಕ್ಕಡಿ 55, ಪುಡಿ ಮಾಡುವ ಒಂದು ಎಚ್‌ಪಿ ಪಲ್ವರೈಸರ್ 45, ವಯರಿಂಗ್ ಮತ್ತು ಸ್ಟೆಬಿಲೈಸರ್ 40. ಕಟ್ಟಡದ ಕೆಲಸ ಒಟ್ಟು ವೆಚ್ಚದ 30 ಪರ್ಸೆಂಟ್ ಒಳಗಿರಬೇಕು, ಜಾಗದ ಬೆಲೆ ಸೇರುವುದಿಲ್ಲ.

ಹೊಸ ಕಟ್ಟಡ ಅಂತ ಬರೆದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಅಂದರೆ ಸಿಆರ್‌ಜೆಡ್ ಎದುರಿಗೆ ಬರುತ್ತದೆ. 2019ರ ಅಧಿಸೂಚನೆಯಲ್ಲಿ ಹಿನ್ನೀರಿನ ದ್ವೀಪಗಳಿಗೆ ನಿರ್ಬಂಧ ಭರತರೇಖೆಯಿಂದ (ಉಬ್ಬರದ ನೀರು ಮುಟ್ಟುವ ಗೆರೆಯಿಂದ) 20 ಮೀಟರಿಗೆ ಇಳಿದಿದೆ, ಆದರೆ ಅಳತೆ ಮಾಡಿಸಿ ಕಾಗದ ತರುವಷ್ಟರಲ್ಲಿ ಕೊಟೇಶನ್‌ಗಳ ಅವಧಿ ಮುಗಿದಿರುತ್ತದೆ. ಮನೆ ನಂಬರ್ ಇದ್ದ, ತೆರಿಗೆ ಕಟ್ಟಿದ ಹಳೇ ಕೊಟ್ಟಿಗೆಯನ್ನೇ ದುರಸ್ತಿ ಅಂತ ತೋರಿಸಿದೆವು. ನೆಲವನ್ನು ಮಾತ್ರ ಮಳೆಗಾಲದ ಆಟಿ ತಿಂಗಳ ದೊಡ್ಡ ಭರತದ ಗುರುತಿಗಿಂತ ಎರಡು ಅಡಿ ಎತ್ತರಿಸಿದೆವು.

ಕೊಟೇಶನ್ನಿನಲ್ಲಿ ಸಾಗಾಟ ‘ದಡದ ತನಕ’ ಅಂತ ಇದ್ದರೆ ಕಡವಿನಿಂದ (ದೋಣಿ ಹತ್ತುವ ಜಾಗದಿಂದ) ಆಚೆಗಿನ ಖರ್ಚು ನಿಮ್ಮ ತಲೆಗೆ. ಎರಡು ದೋಣಿ ಜೋಡಿಸಿದ ಜಂಗಲ್, ಎಂಟು ಆಳು, ಇಳಿತಕ್ಕೆ ಸಿಕ್ಕಿ ಅರ್ಧ ದಿನ ಕಾದದ್ದು ಸೇರಿ ನಮಗೆ 14 ಸಾವಿರ ಬಿತ್ತು. ‘ಘಟಕದ ಬಾಗಿಲಿಗೆ ತಂದು ಜೋಡಿಸುವುದು ಸೇರಿ’ ಅಂತ ಬರೆಸಿಕೊಳ್ಳಿ, ಆಗ ಅದು ಯಂತ್ರದ ಬೆಲೆಯೊಳಗೇ ಬರುತ್ತದೆ. ಸಾಲ ಮಂಜೂರಾಗುವ ಮೊದಲು ಯಾವುದನ್ನೂ ಕೊಂಡುಬಿಡಬೇಡಿ, ಹಳೇ ಬಿಲ್ಲಿಗೆ ಸಬ್ಸಿಡಿ ಇಲ್ಲ. ಯೋಜನಾ ವರದಿಗೆ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ. ಅದನ್ನು ಮಾಡಿಕೊಡುವ ಯೋಜನೆಯ ಜಿಲ್ಲಾ ಸಂಪನ್ಮೂಲ ವ್ಯಕ್ತಿಗೆ ಸಂಭಾವನೆ ಸರ್ಕಾರದಿಂದಲೇ ಬರುತ್ತದೆ. ನಾವು ಮೊದಲ ವರದಿಗೆ ಹೊರಗಿನವರಿಗೆ 6 ಸಾವಿರ ಕೊಟ್ಟೆವು, ಅದೂ ತಪ್ಪು ವರದಿಗೆ.

ಸಬ್ಸಿಡಿ ಕೈಗೆ ಬರುವುದಿಲ್ಲ. ಸಾಲದ ಪಕ್ಕದ ಖಾತೆಯಲ್ಲಿ ಕೂರುತ್ತದೆ, ಮೂರು ವರ್ಷ ಸಾಲ ಸುಸ್ತಿಯಾಗದೆ ನಡೆದರೆ ಸಾಲಕ್ಕೆ ಜಮೆ ಆಗುತ್ತದೆ. ಅಷ್ಟು ಮೊತ್ತಕ್ಕೆ ಬಡ್ಡಿ ಇಲ್ಲ. ಆದರೆ ಅದು ಖಾತೆಗೆ ಬಂದು ಕೂರುವ ತನಕ ಪೂರ್ತಿ 8.37 ಲಕ್ಷಕ್ಕೂ ಬಡ್ಡಿ ಓಡುತ್ತದೆ, ನಮಗೆ ತಿಂಗಳಿಗೆ ಏಳೂವರೆ ಸಾವಿರದ ಹತ್ತಿರ, ಸುಮಾರು ಏಳು ತಿಂಗಳು. ಈ 50 ಸಾವಿರವನ್ನು ಯಾವ ವರದಿಯಲ್ಲೂ ಯಾರೂ ಬರೆಯುವುದಿಲ್ಲ.

ಇನ್ನು ದುಡಿಯುವ ಬಂಡವಾಳ. ಒಣಮೀನಿನ ವ್ಯಾಪಾರಕ್ಕೆ ಉಸಿರು ಕಟ್ಟುವುದು ಇಲ್ಲೇ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಒಣಮೀನಿಗೆ ಬೆಲೆ ಬರುವುದೂ ಆಗಲೇ. ಅಂದರೆ ಜನವರಿಯಿಂದ ಮೇ ತನಕ ಕೊಂಡು ಒಣಗಿಸಿ ದುಡ್ಡನ್ನು ಚೀಲದಲ್ಲಿ ಕಟ್ಟಿಡಬೇಕು. ಅದಕ್ಕೆ ಸಬ್ಸಿಡಿ ಇಲ್ಲ. ನಮ್ಮನ್ನು ದಾಟಿಸಿದ್ದು ಇದೇ ಯೋಜನೆಯ ಇನ್ನೊಂದು ಬಾಗಿಲು. ಸಂಜೀವಿನಿ ಸ್ವಸಹಾಯ ಸಂಘದಲ್ಲಿ ಆಹಾರ ಸಂಸ್ಕರಣೆ ಮಾಡುವ ಸದಸ್ಯೆಗೆ ತಲಾ 40 ಸಾವಿರದ ತನಕ ಬೀಜ ಬಂಡವಾಳ, ಒಕ್ಕೂಟದ ಮೂಲಕ. ಏಳು ಜನರದ್ದು ಸೇರಿ 2.80 ಲಕ್ಷ. ಅದು ಸಂಘಕ್ಕೆ ತಿರುಗಿ ಕಟ್ಟಬೇಕಾದ ಹಣ, ದಾನ ಅಂದುಕೊಂಡು ಖರ್ಚು ಮಾಡಿದವರ ಗತಿ ನೋಡಿದ್ದೇವೆ.

ಈಗ ಡ್ರೈಯರಿಗೆ ಬರೋಣ. ಮರಳಿನ ಮೇಲೆ ಒಣಗಿಸಿದ ಸಿಗಡಿ ಹಲ್ಲಿಗೆ ಸಿಕ್ಕಿದವರು ಪೊಟ್ಟಣ ಎರಡನೇ ಸಲ ಕೊಳ್ಳುವುದಿಲ್ಲ. ನಮ್ಮದು ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ (ಸಿಐಎಫ್‌ಟಿ) ಮಾದರಿಯ ಸೋಲಾರ್ ಡ್ರೈಯರ್, 50 ಕಿಲೋ ಹಸಿ ಮೀನಿನದು. ಜೊತೆಗೆ ಮೋಡದ ದಿನಕ್ಕೆ ಬೇರೆ ಶಾಖ ಬೇಕು. ಕರೆಂಟಿನ ಹೀಟರ್ ನಮ್ಮ ಲೈನಿನ ತುದಿಗೆ ಆಗದ ಮಾತು, ಸಂಜೆ ವೋಲ್ಟೇಜು 170ಕ್ಕೆ ಇಳಿಯುತ್ತದೆ. ತೆಂಗಿನ ಸಿಪ್ಪೆ ಬೇಕಾದಷ್ಟಿದೆ ಅಂತ ಒಲೆ ಕಟ್ಟಿಸಿದೆವು, ಹೊಗೆ ಒಳಗೆ ನುಗ್ಗಿ 30 ಕಿಲೋ ಸಿಗಡಿ ಕಪ್ಪಾಯಿತು. ಕೊನೆಗೆ ಗ್ಯಾಸ್. ಪೂರ್ತಿ ಮೋಡ ಇದ್ದರೆ 19 ಕಿಲೋ ಸಿಲಿಂಡರ್ ಮೂರು ಬ್ಯಾಚಿಗೆ, ಬಿಸಿಲಿದ್ದರೆ ಅದರ ದುಪ್ಪಟ್ಟಿಗೆ ಸಾಕು. ಪಲ್ವರೈಸರ್ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ಒಳಗೆ ಮಾತ್ರ. ಎರಡು ಕೆಪಾಸಿಟರ್ ಸುಟ್ಟ ಮೇಲೆ ಬಂದ ಶಿಸ್ತು ಇದು.

ಟ್ರೇ 304 ಸ್ಟೀಲಿನದ್ದೇ ಆಗಬೇಕು. 202 ಹಾಕಿಕೊಟ್ಟಿದ್ದರು, ಉಪ್ಪುಗಾಳಿಗೆ ಎರಡೇ ತಿಂಗಳಲ್ಲಿ ತುಕ್ಕಿನ ಚುಕ್ಕೆ. ಬಿಲ್ಲಿನಲ್ಲಿ ಗ್ರೇಡ್ ಬರೆದಿದ್ದರಿಂದ ಬದಲಾಯಿಸಿಕೊಂಡೆವು, ಬರೆಯದಿದ್ದರೆ 40 ಸಾವಿರ ನೀರಿಗೆ.

ಸಿಗಡಿಯನ್ನು ಮೊದಲ ದಿನವೇ 60 ಡಿಗ್ರಿಗೆ ಏರಿಸಿದ್ದು ನಮ್ಮ ದೊಡ್ಡ ತಪ್ಪು. ಹೊರಗೆ ಗಟ್ಟಿ, ಒಳಗೆ ಹಸಿ, ಹತ್ತು ದಿನಕ್ಕೆ ಬೂಸ್ಟು. ಈಗ ಮೊದಲ ಎರಡು ಗಂಟೆ 40-45ರಲ್ಲಿ, ಗಾಳಿ ಹೋಗುವ ಬಾಯಿ ಪೂರ್ತಿ ತೆರೆದು. ಮೇಲ್ಮೈ ಒಣಗಿದ ಮೇಲೆ 50-55. ಮೂರನೇ ಗಂಟೆಗೆ ಮೇಲಿನ ಟ್ರೇ ಕೆಳಗೆ, ಕೆಳಗಿನದು ಮೇಲೆ. ಒಟ್ಟು ಎಂಟರಿಂದ ಹತ್ತು ಗಂಟೆ. ತೇವ ಅಳೆಯುವ ಯಂತ್ರ ಇಲ್ಲದಿದ್ದರೆ ಒಂದು ಟ್ರೇಯಲ್ಲಿ ಸರಿಯಾಗಿ ಒಂದು ಕಿಲೋ ಹಸಿ ಸಿಗಡಿ ತೂಗಿ ಹಾಕಿ. ಹಸಿಯಲ್ಲಿ ನೀರು ಸುಮಾರು 78 ಪರ್ಸೆಂಟ್, ಗಟ್ಟಿ ಅಂಶ 220 ಗ್ರಾಮ್. ಆ ಟ್ರೇ 260 ಗ್ರಾಮಿಗೆ ಇಳಿದರೆ ತೇವ 15ಕ್ಕೆ ಬಂದಿದೆ, ಇಳಿಸಿ.

ಬಂಗುಡೆಯದ್ದು ಬೇರೆ ಕತೆ. ಬೆನ್ನು ಸೀಳಿ, ನಾಲ್ಕು ಕಿಲೋಗೆ ಒಂದು ಕಿಲೋ ಉಪ್ಪು, ಒಂದು ರಾತ್ರಿ. ಹರಳುಪ್ಪನ್ನು ಹಾಗೇ ಹಾಕಿದರೆ ಮೂರು ವಾರಕ್ಕೆ ಮೀನಿನ ಮೇಲೆ ಗುಲಾಬಿ ಬಣ್ಣ ಏರುತ್ತದೆ. ಉಪ್ಪಿನಲ್ಲೇ ಬದುಕುವ ಸೂಕ್ಷ್ಮಜೀವಿ ಅದು. ದೊಡ್ಡ ಉರುಳಿಯಲ್ಲಿ ಉಪ್ಪು ಹುರಿಯಲು ಶುರು ಮಾಡಿದ ಮೇಲೆ ನಿಂತಿತು. ಒಂದು ಹಗಲು ಒಣಗಿಸಿ, ರಾತ್ರಿ ಒಟ್ಟಿ ಮೇಲೆ ಭಾರ ಇಡಿ. ಒಳಗಿನ ತೇವ ಹೊರಗೆ ಬರುತ್ತದೆ, ಮಾರನೇ ದಿನ ಅರ್ಧ ಗ್ಯಾಸಿನಲ್ಲಿ ಕೆಲಸ ಮುಗಿಯುತ್ತದೆ. ಬೂತಾಯಿ (ಸಾರ್ಡೀನ್) ಮಾಡಬೇಡಿ, ಎಣ್ಣೆ ಹೆಚ್ಚು, ಕಮಟು ಬೇಗ.

ನೀರಿನ ವರದಿಯನ್ನು ಅಕ್ಟೋಬರಿನಲ್ಲಿ ಮಾಡಿಸಿದರೆ ಕುದ್ರುವಿನ ಬಾವಿ ಪಾಸಾಗುತ್ತದೆ. ಏಪ್ರಿಲಿಗೆ ಅದೇ ಬಾವಿ ಸವುಳು. ಕಾಗದಕ್ಕಾಗಿ ಹಾಗೆ ಮಾಡಿ ಬೇಸಿಗೆಯಲ್ಲಿ ಸಿಕ್ಕಿಬಿದ್ದವರು ಇದ್ದಾರೆ. ನಾವು ಪಂಚಾಯ್ತಿ ನಲ್ಲಿಗೆ 2,000 ಲೀಟರಿನ ಟ್ಯಾಂಕ್ ಇಟ್ಟೆವು, ಬಾವಿ ನೀರು ನೆಲ ತೊಳೆಯಲಿಕ್ಕೆ ಮಾತ್ರ.

ಪ್ಯಾಕಿಂಗಿನಲ್ಲಿ ಸಿಗಡಿಯ ಕೊಂಬು ತೆಳು ಪ್ಲಾಸ್ಟಿಕನ್ನು ತೂತು ಮಾಡುತ್ತದೆ, ವ್ಯಾಕ್ಯೂಮ್ ಕೊಟ್ಟರೆ ಇನ್ನೂ ಬೇಗ. ಗೋಣಿಯಲ್ಲಿ ಉಜ್ಜಿ ಕೊಂಬು-ಮೀಸೆ ಉದುರಿಸಿ, ದಪ್ಪ ಲ್ಯಾಮಿನೇಟ್ ಚೀಲಕ್ಕೆ ಹಾಕುತ್ತೇವೆ. ಆರಿದ ಅರ್ಧ ಗಂಟೆಯೊಳಗೆ ಸೀಲ್ ಆಗಬೇಕು, ಮಳೆಗಾಲದ ಗಾಳಿಯೇ ಒದ್ದೆ.

ಲೆಕ್ಕ ಹೀಗೆ. 45 ಕಿಲೋ ಸಣ್ಣ ಹಸಿ ಸಿಗಡಿ, ಕಿಲೋಗೆ 70ರ ಲೆಕ್ಕದಲ್ಲಿ, ಉಜ್ಜಿದ ಮೇಲೆ ಹತ್ತು ಕಿಲೋ ಸಿಗುತ್ತದೆ. ಒಣಗಿದ ಒಂದು ಕಿಲೋಗೆ ಹಸಿ ಸಿಗಡಿ 315, ಕೂಲಿ 60, ಗ್ಯಾಸ್ 30, ಚೀಲ 25, ಐಸ್ ಮತ್ತು ದೋಣಿ 15. ಕಿಲೋಗೆ 445. ಸಗಟಿನವರು 450 ಅನ್ನುತ್ತಾರೆ, ಅಂದರೆ ಬಡ್ಡಿಯೂ ಹುಟ್ಟುವುದಿಲ್ಲ. ನೂರು ಗ್ರಾಮಿನ ಪೊಟ್ಟಣದಲ್ಲಿ ಜುಲೈಯಲ್ಲಿ ಕಿಲೋಗೆ 680ರ ಹತ್ತಿರ ಹೋಗುತ್ತದೆ. ಪೊಟ್ಟಣ ಮಾಡಲಾಗದವರು ಈ ಸಾಲ ತೆಗೆಯಬೇಡಿ.

ನಡುವೆ ಮಿನಿಕಾಯ್ ದ್ವೀಪದ ಮಾಸ್ ಮಾಡಿ ನೋಡಿದೆವು. ಕೇದರ್ (ಟ್ಯೂನಾ) ಮೀನನ್ನು ಉಪ್ಪುನೀರಿನಲ್ಲಿ ಬೇಯಿಸಿ, ಹೊಗೆ ಹಿಡಿಸಿ, ಕೊರಡಿನಂತಾಗುವ ತನಕ ಒಣಗಿಸುವುದು. ಚೆನ್ನಾಗಿಯೇ ಬಂತು, ಆದರೆ ಕುಂದಾಪುರದ ಸಂತೆಯಲ್ಲಿ ಕೈಗೆತ್ತಿಕೊಂಡವರು ಕಟ್ಟಿಗೆಯೋ ಅಂತ ಕೇಳಿದರು. ಸಿಗಡಿ ಚಟ್ನಿಪುಡಿ ಮಾತ್ರ ಮಾರಾಟದಲ್ಲಿ ಉಳಿಯಿತು. ಹಸಿ ಕಾಯಿ ತುರಿ ಹಾಕಿದ್ದು 20 ದಿನಕ್ಕೆ ಕಮಟಾಯಿತು, ಕೊಬ್ಬರಿ ಹಾಕಿದ್ದು ಮೂರು ತಿಂಗಳು ಬರುತ್ತದೆ. ಹುಳಿಗೆ ಏನು ಹಾಕುತ್ತೇವೆ, ಯಾವುದನ್ನು ಮೊದಲು ಹುರಿಯುತ್ತೇವೆ ಅನ್ನುವುದು ಏಳು ಜನರೊಳಗೇ ಇರಲಿ.

ಬ್ಯಾಂಕಿನವರ ಸ್ಥಳ ತನಿಖೆಗೆ ದಿನ ಕೊಡುವಾಗ ಪಂಚಾಂಗ ನೋಡಿ, ಮುಹೂರ್ತಕ್ಕಲ್ಲ, ಭರತಕ್ಕೆ. ಇಳಿತದ ಹೊತ್ತಿಗೆ ಬಂದರೆ ದೋಣಿಯಿಂದ ಇಳಿದು ಮೊಣಕಾಲುದ್ದ ಕೆಸರು ತುಳಿಯಬೇಕು. ನಮ್ಮಲ್ಲಿ ಮೊದಲ ಸಲ ಹಾಗೇ ಆಗಿ, ಎರಡನೇ ದಿನಾಂಕ ಸಿಗಲು ಆರು ವಾರ ಹಿಡಿಯಿತು.